ಆರು ವಾರಕ್ಕೆ ಒಂದೇ ಕ್ರಿಯಾಪದ

ಮಾರ್ಚ್ 3, ಸೋಮವಾರ

ಇದನ್ನು ಯಾರೂ ಓದಕೂಡದು. ಓದಿದವರ ಕೈ ಮುರಿಯುತ್ತೇನೆ, ಅದು ನಮ್ಮನೆಯವರಾದರೂ ಸರಿ. ಲಿಫ್ಟ್ ಕಂಪನಿಯವರು ಇವರಿಗೆ ಕೊಟ್ಟ ಡೈರಿ ಇದು, ಎರಡು ತಿಂಗಳಿಂದ ಟಿವಿ ಕೆಳಗೆ ಧೂಳು ತಿನ್ನುತ್ತಾ ಬಿದ್ದಿತ್ತು. ಇವತ್ತು ಯಾರ ಮುಂದಾದರೂ ಬೈದುಕೊಳ್ಳದಿದ್ದರೆ ನನ್ನ ತಲೆ ಸಿಡಿಯುತ್ತೆ. ಮನೆಯಲ್ಲಿ ಇರೋದು ಇವರೊಬ್ಬರೇ, ಇವರೋ ನಾನು ಬೈಯುತ್ತಾ ಇದ್ದರೆ ಗೊರಕೆ ಹೊಡೆಯೋ ಪುಣ್ಯಾತ್ಮ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿ ಬಂದಿದ್ದಾನಲ್ಲ, ನಾವು ಟೈ ಸಾಹೇಬ ಅನ್ನೋದು, ಅವನು ಇವತ್ತು ನೋಟಿಸ್ ಹಾಕಿದ. ಇನ್ನು ಮೇಲೆ ರಿಜಿಸ್ಟರು, ವರದಿ ಎಲ್ಲಾ ಇಂಗ್ಲಿಷಿನಲ್ಲೇ ಇರಬೇಕಂತೆ. ಏಪ್ರಿಲ್ 14ಕ್ಕೆ ಎಲ್ಲಾ ವಿಭಾಗದ ಇನ್‌ಚಾರ್ಜ್‌ಗಳಿಗೂ ಇಂಗ್ಲಿಷ್ ಪರೀಕ್ಷೆ, ನೂರಕ್ಕೆ ಐವತ್ತು ಬರಬೇಕು. ಬರದಿದ್ದವರು ಎಲ್ಲಿಗೆ ಹೋಗಬೇಕು ಅಂತಲೂ ಪಕ್ಕದಲ್ಲೇ ಟೈಪ್ ಮಾಡಿದ್ದಾನೆ. ನನ್ನ ಹೆಸರಿನ ಪಕ್ಕ 'ಲಾಂಡ್ರಿ' ಅಂತಿದೆ.

ಹತ್ತೊಂಬತ್ತು ವರ್ಷ! ಹತ್ತೊಂಬತ್ತು ವರ್ಷದಿಂದ ಆ ಆಸ್ಪತ್ರೆಯ ಪ್ರತಿ ಕತ್ತರಿ, ಪ್ರತಿ ಚಿಮಟ ನನ್ನ ಕೋಣೆಯಿಂದ ಹೋಗಿದೆ. ಆಪರೇಷನ್ ಮುಗಿದ ಸಾಮಾನು ರಕ್ತ ಮೆತ್ತಿಕೊಂಡು ಬರುತ್ತೆ. ತೊಳೆದು, ಒಣಗಿಸಿ, ಎಣಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಆವಿ ಯಂತ್ರಕ್ಕೆ ಹಾಕಿ, ಒಂದು ಹುಳವೂ ಬದುಕದ ಹಾಗೆ ಬೇಯಿಸಿ ಕಳಿಸುತ್ತೇವೆ. ನಮ್ಮ ಕೋಣೆಯಲ್ಲಿ ಸಾಮಾನಿಗೆ ಎರಡೇ ಜಾತಿ, ಬೆಂದದ್ದು ಮತ್ತು ಹಸಿ. ಇಷ್ಟು ವರ್ಷದಲ್ಲಿ ಒಂದು ಹಸಿ ಗಂಟೂ ನನ್ನ ಬಾಗಿಲು ದಾಟಿಲ್ಲ. ಈಗ ಅವನಿಗೆ ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಬೇಕಂತೆ. ನನಗೆ ಬರೋ ಇಂಗ್ಲಿಷು ಥ್ಯಾಂಕ್ಯೂ, ಸಾರಿ, ಮತ್ತು ಮಷೀನಿನ ಮೇಲೆ ಬರೆದಿರೋದು.

ಇವರು ಊಟ ಮಾಡುತ್ತಾ, "ಅಕ್ಕನ್ನ ಕೇಳು" ಅಂದರು. ನಾನು ನೋಡಿದ ನೋಟಕ್ಕೆ ಮತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾರ್ಚ್ 5, ಬುಧವಾರ

ಬಸ್ ಸ್ಟಾಪಿನ ಅಂಗಡಿಯಿಂದ ಒಂದು ಇಂಗ್ಲಿಷ್ ಕಲಿಕೆ ಪುಸ್ತಕ ತಂದೆ. ಮೊದಲ ಪಾಠದಲ್ಲೇ ಒಬ್ಬಳು ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಕಳೆದುಕೊಳ್ಳುತ್ತಾಳೆ. ಎರಡನೇ ಪಾಠದಲ್ಲಿ ಹೋಟೆಲಿನ ಮ್ಯಾನೇಜರ್ ಜೊತೆ ಜಗಳ. ನನ್ನ ಜನ್ಮದಲ್ಲಿ ನಾನು ಯಾವಾಗ ವಿಮಾನ ಹತ್ತಿ ಸೂಟ್‌ಕೇಸ್ ಕಳೆದುಕೊಳ್ಳಬೇಕು? ಪುಸ್ತಕ ಮುಚ್ಚಿಟ್ಟೆ.

ಮಾರ್ಚ್ 7, ಶುಕ್ರವಾರ

ಇವರು ನನ್ನ ಬೆನ್ನ ಹಿಂದೆ ಫೋನ್ ಮಾಡಿಬಿಟ್ಟಿದ್ದಾರೆ! "ನಾಳೆ ನಾಲ್ಕು ಗಂಟೆಗೆ ಕಳಿಸು" ಅಂದಳಂತೆ ಹೆಡ್‌ಮಿಸ್.

ಹೆಡ್‌ಮಿಸ್ ಅಂದರೆ ಇವರ ಅಕ್ಕ. ಮೂವತ್ತೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿ, ಹೆಡ್‌ಮಿಸ್ ಆಗಿ ನಿವೃತ್ತಿಯಾದ ಮಹಾತಾಯಿ. ಮೂರು ವರ್ಷದಿಂದ ನಮಗೆ ಮಾತಿಲ್ಲ. ನಮ್ಮತ್ತೆ ಹಾಸಿಗೆ ಹಿಡಿದಿದ್ದ ಐದು ತಿಂಗಳು ಬಾಚಿದ್ದು, ಬಳಿದಿದ್ದು ನಾನು. ಯಾರೋ ನೆಂಟರು ಹೊಗಳಿದ್ದಕ್ಕೆ ಇವಳು ಹೇಳಿದ್ದೇನು? "ಅವಳಿಗೆ ಅಭ್ಯಾಸ ಇದೆ ಬಿಡಿ, ಆಸ್ಪತ್ರೆಯಲ್ಲಿ ಪಾತ್ರೆ ತೊಳೀತಾಳಲ್ಲ." ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಪಾತ್ರೆ! ಅವತ್ತಿನಿಂದ ನನ್ನ ಬಾಯಿಗೆ ಬೀಗ. ಹೋಗಲ್ಲ ಅಂದರೆ ಹೋಗಲ್ಲ.

ಮಾರ್ಚ್ 8, ಶನಿವಾರ

ಹೋದೆ. ಲಾಂಡ್ರಿ ಕಣ್ಣ ಮುಂದೆ ಬಂತು, ಏನು ಮಾಡಲಿ.

ಮೂರನೇ ಮಹಡಿ, ಒಂದು ಕೋಣೆ ತುಂಬಾ ಪುಸ್ತಕ, ಕಿಟಕಿ ಹತ್ತಿರ ಮೇಜು, ಮೇಜಿನ ಮೇಲೆ ಕೆಂಪು ಪೆನ್ನು. ಚೆನ್ನಾಗಿದ್ದೀಯಾ ಅಂತ ಹೆಡ್‌ಮಿಸ್ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸಕ್ಕರೆ ಇಲ್ಲದ ಚಹಾ ಮುಂದಿಟ್ಟು, ಪತ್ರಿಕೆಯ ನಾಲ್ಕು ಸಾಲು ಓದಿಸಿದರು. ಓದಿದೆ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಮೇಲೆ ಒಂದು ಚೀಟಿಯ ಮೇಲೆ ಒಂದೇ ಪದ ಬರೆದು ನನ್ನ ಕಡೆ ತಳ್ಳಿದರು. ಟೇಕ್.

"ಇದು ಗೊತ್ತು, ತಗೋ ಅಂತ" ಅಂದೆ.

"ಗೊತ್ತಿಲ್ಲ. ಆರು ವಾರ ಇದೊಂದೇ. ಟೇಕ್, ಟುಕ್, ಟೇಕನ್. ಒಂದೊಂದು ಕ್ಲಾಸಿಗೂ ಹತ್ತು ವಾಕ್ಯ ಬರ್ಕೊಂಡು ಬಾ, ನಿನ್ನ ಕೆಲಸದ್ದೇ ಇರಬೇಕು. ಪುಸ್ತಕದಿಂದ ಕದ್ದರೆ ನನಗೆ ಗೊತ್ತಾಗುತ್ತೆ."

"ಒಂದು ಪದ ಇಟ್ಕೊಂಡು ಪರೀಕ್ಷೆ ಬರೀಲಾ ನಾನು?"

"ನೂರು ಪದ ಅರ್ಧಂಬರ್ಧ ಕಲಿತ್ರೆ ಬಾಯಿ ಬಿಡೋಕೆ ಹೆದರ್ತೀಯ. ಒಂದು ಪೂರ್ತಿ ನಿಂದಾದ್ರೆ ಉಳಿದದ್ದು ಅದರ ಹಿಂದೆ ಬರುತ್ತೆ. ಮಂಗಳವಾರ, ಶನಿವಾರ, ನಾಲ್ಕು ಗಂಟೆ. ತಡ ಮಾಡಿದ್ರೆ ಬಾಗಿಲು ತೆಗೆಯಲ್ಲ."

ಮೆಟ್ಟಿಲಿಳಿಯುತ್ತಾ ಬಾಯಿಗೆ ಬಂದಿದ್ದೆಲ್ಲ ಬೈದೆ. ಕನ್ನಡದಲ್ಲೇ.

ಮಾರ್ಚ್ 11, ಮಂಗಳವಾರ

ಹತ್ತು ವಾಕ್ಯಕ್ಕೆ ಎಂಟು ಕೆಂಪು ಗೀಟು. ನಿಂತ ಎರಡು ವಾಕ್ಯ: ನಾನು ಬಸ್ ಹಿಡಿಯುತ್ತೇನೆ. ನಾನು ಗಂಟನ್ನು ಮಷೀನಿನಿಂದ ತೆಗೆಯುತ್ತೇನೆ. ಎರಡಕ್ಕೂ ಅದೇ ಟೇಕ್.

ಏನು ಭಾಷೆ ಇದು! ಮಾತ್ರೆ ನುಂಗಿದರೂ ಟೇಕ್, ಫೋಟೋ ತೆಗೆದರೂ ಟೇಕ್, ಜ್ವರ ನೋಡಿದರೂ ಟೇಕ್, ಸ್ನಾನ ಮಾಡಿದರೂ ಟೇಕ್, ಅಮ್ಮನ ಮೂಗು ಮಗಳಿಗೆ ಬಂದರೂ ಟೇಕ್. ಮನೆಯಲ್ಲಿ ಒಂದೇ ಪಾತ್ರೆ ಇಟ್ಟುಕೊಂಡು ಅದರಲ್ಲೇ ಬೇಯಿಸಿ, ಅದರಲ್ಲೇ ನೀರು ಕುಡಿದು, ಅದರಲ್ಲೇ ಸ್ನಾನ ಮಾಡೋ ಬಡವರ ಹಾಗಿದೆ ಇವರ ಕಥೆ. ಹಾಗಂತ ಹೇಳಿಯೂ ಬಂದೆ. ಹೆಡ್‌ಮಿಸ್ ತುಟಿ ಬಿಗಿ ಹಿಡಿದರು. ಸಿಟ್ಟು ಬಂತೋ ನಗು ಬಂತೋ ಗೊತ್ತಾಗಲಿಲ್ಲ.

ಮಾರ್ಚ್ 15, ಶನಿವಾರ

ಇವತ್ತು ಸೇಡು ತೀರಿಸಿಕೊಂಡರು.

ನಾನು ಬಾಗಿಲು ದಾಟುತ್ತಿದ್ದ ಹಾಗೇ, "ಬಾಗಿಲು ಹಾಕು" ಅಂದರು. ಹಾಕಿದೆ. "ಲೈಟ್ ಹಾಕು." ಹಾಕಿದೆ. "ಈಗ ಹೇಳು, ಬಾಗಿಲಿಗೆ ಮಾಡಿದ್ದನ್ನೇ ಲೈಟಿಗೂ ಮಾಡಿದೆಯಾ? ಬಾಗಿಲು ಮುಚ್ಚಿದೆ, ಲೈಟ್ ಹಚ್ಚಿದೆ. ಎರಡಕ್ಕೂ 'ಹಾಕು'ನೇ."

ಅವರು ಬೆರಳು ಮಡಚತೊಡಗಿದರು, ಬಟ್ಟೆ ಹಾಕು, ಸಹಿ ಹಾಕು, ಓಟು ಹಾಕು, ಬೀಗ ಹಾಕು. ನನಗೂ ಹುರುಪು ಬಂತು. ಕೋಳಿ ಮೊಟ್ಟೆ ಹಾಕುತ್ತೆ ಅಂದೆ. ಶಾಪ ಹಾಕು ಅಂದರು. ಹೊಂಚು ಹಾಕು, ಲೆಕ್ಕ ಹಾಕು, ನೆಂಟರ ಮನೆಗೆ ಹೋಗಿ ಡೇರೆ ಹಾಕು! ಇಪ್ಪತ್ತೊಂದು ಆಯಿತು. ಇಪ್ಪತ್ತೆರಡನೆಯದು ನಾನೇ ಹೇಳಿದೆ, "ಹೆಡ್‌ಮಿಸ್ ಹೋಮ್‌ವರ್ಕಿಗೆ ಕೆಂಪು ಗೀಟು ಹಾಕ್ತಾರೆ." ಅವರು ನಕ್ಕೇಬಿಟ್ಟರು. ನಕ್ಕರೆ ಥೇಟ್ ನಮ್ಮತ್ತೆ.

"ಬೇರೆ ಭಾಷೆಯವರಿಗೆ ನಾವೂ ಬಡವರೇ" ಅಂದರು. ಚಹಾಕ್ಕೆ ಸಕ್ಕರೆ ಇತ್ತು.

ಮಾರ್ಚ್ 18, ಮಂಗಳವಾರ

ಹತ್ತರಲ್ಲಿ ಆರು ಸರಿ. ಆದರೆ ಇವರ ಅಕ್ಕನಿಗೆ ವಾಕ್ಯ ತಿದ್ದೋದಕ್ಕಿಂತ ಪ್ರಶ್ನೆ ಕೇಳೋದೇ ಹೆಚ್ಚಾಯಿತು.

"'ಇಟ್ ಟೇಕ್ಸ್ ಟು' ಅಂತ ಬರೆದಿದ್ದೀಯಲ್ಲ, ಇಬ್ಬರು ಬೇಕು ಅಂತ, ಯಾತಕ್ಕೆ ಇಬ್ಬರು?"

ಜೋಡಿ ಪದ್ಧತಿ ವಿವರಿಸಿದೆ. ಒಬ್ಬರು ಎಣಿಸಿ ಗಂಟು ಕಟ್ಟೋದು, ಇನ್ನೊಬ್ಬರು ಮತ್ತೆ ಎಣಿಸೋದು, ಇಬ್ಬರದ್ದೂ ಸಹಿ ಬೀಳಬೇಕು. ನನಗಿಂತ ಹತ್ತು ವರ್ಷ ಚಿಕ್ಕವಳೊಬ್ಬಳು ನನ್ನ ಜೋಡಿ, ನಮ್ಮ ನಡುವೆ ಹನ್ನೆರಡು ವರ್ಷದಲ್ಲಿ ಒಂದು ಸೂಜಿಯೂ ಹೆಚ್ಚುಕಮ್ಮಿ ಆಗಿಲ್ಲ.

"ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ?"

ಗಂಟಿನ ಮೇಲೆ ಅಂಟಿಸೋ ಟೇಪು ಬಿಸಿಗೆ ಕಪ್ಪಾಗುತ್ತೆ, ಆದರೆ ಅದು ಹೊರಗಿನ ಮಾತು. ಒಳಗೆ ಆವಿ ಹೋಗಿದೆಯಾ ಅಂತ ನೋಡಲು ಪ್ರತಿ ಸಲ ಒಂದು ಪರೀಕ್ಷೆ ಗಂಟಿನ ಹೊಟ್ಟೆಯೊಳಗೆ ಬೆರಳುದ್ದದ ಕಾಗದದ ಪಟ್ಟಿ ಇಡುತ್ತೇವೆ. ಬೆಂದರೆ ಪಟ್ಟಿಯೂ ಕಪ್ಪು. ಅದನ್ನು ತೆಗೆದು, ಮಷೀನಿನ ನಂಬರು, ಗಂಟೆ ಬರೆದು ರಿಜಿಸ್ಟರಿಗೆ ಅಂಟಿಸಿದ ಮೇಲೇ ಆ ಸಲದ ಗಂಟುಗಳು ಬಾಗಿಲು ದಾಟೋದು. ಪಟ್ಟಿ ಇಲ್ಲ ಅಂದರೆ ಎಲ್ಲಾ ಹಸಿ ಅಂತಲೇ ಲೆಕ್ಕ.

ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯೋದು, ಹಾಕೋದು ಮಾಡಿದರು. "ನಾನು ತಿಳ್ಕೊಂಡಿದ್ದೇ ಬೇರೆ" ಅಂದರು. ಅಷ್ಟೇ. ನಾನು ನನ್ನ ಚಹಾ ಕುಡಿದೆ.

ಮಾರ್ಚ್ 25, ಮಂಗಳವಾರ

ಟುಕ್ ಅಂದರೆ ಆಗಿಹೋಯಿತು, ಮುಗಿಯಿತು. ಹ್ಯಾವ್ ಟೇಕನ್ ಅಂದರೆ ತಗೊಂಡಿದ್ದೀನಿ, ಈಗಲೂ ಕೈಯಲ್ಲಿದೆ. ಇಷ್ಟು ಸುಲಭವಾಗಿ ಶಾಲೆಯಲ್ಲಿ ಯಾಕೆ ಹೇಳಲಿಲ್ಲ? ನಮ್ಮ ಮೇಷ್ಟ್ರು ಬೆತ್ತದಲ್ಲೇ ಮೂರೂ ಕಾಲ ಕಲಿಸುತ್ತಿದ್ದರು.

ಪಾಠ ಮುಗಿದ ಮೇಲೆ ಅತ್ತಿಗೆ ಒಂದು ಫೈಲ್ ತಂದು ಮುಂದಿಟ್ಟರು. ಪಿತ್ತಕೋಶದಲ್ಲಿ ಕಲ್ಲು. ಎಂಟು ತಿಂಗಳಿಂದ ನೋವು ನುಂಗಿಕೊಂಡು ಕೂತಿದ್ದಾರೆ, ತಮ್ಮನಿಗೂ ಹೇಳಿಲ್ಲ! ಆಪರೇಷನ್ ಮಾಡಿಸಲೇಬೇಕು ಅಂದಿದ್ದಾರೆ ಡಾಕ್ಟರು. "ನನಗೆ ಹೆದರಿಕೆ" ಅಂದರು. ಶಾಲೆಗೆ ಶಾಲೆಯನ್ನೇ ನಡುಗಿಸಿದ ಹೆಂಗಸು!

"ನಮ್ಮಲ್ಲೇ ಮಾಡಿಸಿ, ಸಾಮಾನು ನಾನೇ ಕಟ್ಟಿ ಕಳಿಸ್ತೀನಿ" ಅಂದೆ. ನಮ್ಮ ಹಿರಿಯ ಸರ್ಜನ್ ಹತ್ತಿರ ಮಾತಾಡಿ ಏಪ್ರಿಲ್ 10ಕ್ಕೆ ದಿನ ಹಾಕಿಸಿದ್ದೂ ಆಯಿತು.

ಏಪ್ರಿಲ್ 1, ಮಂಗಳವಾರ

ಹತ್ತಕ್ಕೆ ಒಂಬತ್ತು ಸರಿ. ಮಷೀನು ಗುರುಗುಟ್ಟುವಾಗ ಅದರ ಮುಂದೆಯೇ ನಿಂತು ವಾಕ್ಯ ಬರೆಯುತ್ತೇನೆ ಈಗ. ಬಿಸಿಬಿಸಿ ವಾಕ್ಯ. ಇವತ್ತು ಹೊರಡೋದು ತಡವಾಗಿ ಬಸ್ಸಿನ ಹಿಂದೆ ಓಡಿದೆ. ನೋಟ್‌ಬುಕ್ ಅತ್ತಿಗೆ ಹತ್ತಿರವೇ ಬಿಟ್ಟು ಬಂದೆ, ಮೊದಲಿಂದ ಎಲ್ಲಾ ನೋಡುತ್ತಾರಂತೆ.

ಏಪ್ರಿಲ್ 2, ಬುಧವಾರ

ಇವತ್ತು ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಏಳೂಕಾಲಿಗೆ ರಿಜಿಸ್ಟರು ತೆಗೆದೆ. ನಿನ್ನೆ, ಎರಡನೇ ಮಷೀನು, ಒಂದು ನಲವತ್ತರ ಸಾಲಿನಲ್ಲಿ ನನ್ನ ಸಹಿ ಇದೆ, ಪಟ್ಟಿ ಅಂಟಿಸೋ ಜಾಗ ಖಾಲಿ. ಕಸದ ಬುಟ್ಟಿ ಸುರಿದು ನೋಡಿದೆ. ಮೇಜಿನ ಕೆಳಗೆ, ಏಪ್ರನ್ ಜೇಬಿನಲ್ಲಿ, ಎಲ್ಲೂ ಇಲ್ಲ. ಕಪ್ಪಾಗಿತ್ತಾ? ನೋಡಿದೆನಾ? ನಿನ್ನೆ ಆ ಹೊತ್ತಿಗೆ ನನ್ನ ತಲೆ ತುಂಬಾ ಟೇಕನ್ ಇತ್ತು, ಬೇರೇನೂ ನೆನಪಿಲ್ಲ. ಆ ಸಲದ ಹನ್ನೊಂದು ಗಂಟು ನಿನ್ನೆ ಸಂಜೆಯೇ ಆಪರೇಷನ್ ಥಿಯೇಟರಿಗೆ ಹೋಗಿಬಿಟ್ಟಿವೆ.

ನನ್ನ ಜೋಡಿ ಬಾಗಿಲು ಹಾಕಿ ಪಿಸುಗುಟ್ಟಿದಳು, "ಅಕ್ಕಾ, ಟೇಪೆಲ್ಲಾ ಕಪ್ಪಾಗಿತ್ತು, ನಾನೇ ನೋಡಿದೀನಿ. ಬೆಂದೇ ಬೆಂದಿರುತ್ತೆ. ಇವತ್ತಿನ ಪಟ್ಟಿ ಒಂದಕ್ಕೆ ನಿನ್ನೆ ಗಂಟೆ ಬರೆದು ಅಂಟಿಸ್ಬಿಡಿ. ಪರೀಕ್ಷೆಗೆ ಇನ್ನು ಹನ್ನೆರಡು ದಿನ ಇದೆ, ಟೈ ಸಾಹೇಬ ಇಂಥದ್ದಕ್ಕೇ ಕಾಯ್ತಿರೋದು."

ಸುಳ್ಳು ಯಾಕೆ ಬರೀಲಿ, ನನ್ನ ಮೇಜಿನ ಮೇಲೇ ಇನ್ನೂ ಬೆಚ್ಚಗಿದ್ದ ಒಂದು ಕಪ್ಪು ಪಟ್ಟಿ ಇತ್ತು. ಕೈಗೆ ತಗೊಂಡೆ ಕೂಡ. ಪೆನ್ನಿನ ಮುಚ್ಚಳ ತೆಗೆದೆ. ಅಷ್ಟರಲ್ಲಿ ನೆನಪಾಯಿತು, ಒಂಬತ್ತು ಗಂಟೆಗೆ ಒಂದು ಹೆರಿಗೆ ಆಪರೇಷನ್ ಇದೆ. ಯಾರದೋ ಮನೆ ಮಗಳು. ಪಟ್ಟಿ ಕೆಳಗಿಟ್ಟು ಫೋನ್ ಎತ್ತಿದೆ. "ಎರಡನೇ ಮಷೀನಿನ ಹನ್ನೊಂದು ಗಂಟು, ಒಂದನ್ನೂ ಮುಟ್ಟಬೇಡಿ, ಎಲ್ಲಾ ವಾಪಸ್ ಕಳಿಸಿ" ಅಂದೆ.

ಹತ್ತು ಬಂದವು. ಹನ್ನೊಂದನೆಯದನ್ನು ಬಿಚ್ಚಿ ಮೇಜಿನ ಮೇಲೆ ಹರಡಿಬಿಟ್ಟಿದ್ದರು, ಆ ತಾಯಿಯನ್ನು ಇನ್ನೂ ಒಳಗೆ ತಂದಿರಲಿಲ್ಲ. ಅದನ್ನೂ ಬಾಚಿಕೊಂಡು ಬಂದೆ. ಎಲ್ಲವನ್ನೂ ಮತ್ತೆ ಬೇಯಿಸಿದೆವು. ಎರಡು ಆಪರೇಷನ್ ಒಂದೂವರೆ ಗಂಟೆ ತಡ. ಹೆರಿಗೆ ಸುಸೂತ್ರ ಆಯಿತು, ಹೆಣ್ಣು ಮಗು. ಅಳೋ ಸದ್ದು ಕೇಳೋವರೆಗೂ ನಾನು ಗುಟುಕು ನೀರೂ ಕುಡಿಯಲಿಲ್ಲ.

ಸಂಜೆ ಟೈ ಸಾಹೇಬ ಕರೆಸಿದ. "ಲಿಖಿತ ವರದಿ ಬೇಕು. ಇಂಗ್ಲಿಷಿನಲ್ಲಿ. ನಾಳೆ" ಅಂದ.

ಏಪ್ರಿಲ್ 3, ಗುರುವಾರ

ಕ್ಲರ್ಕ್ ಹತ್ತಿರ ಬರೆಸೋಣ ಅಂದುಕೊಂಡೆ. ಬೇಡ ಅನ್ನಿಸಿತು. ನನಗೆ ಗೊತ್ತಿರೋ ಒಂದೇ ಪದ ಇಟ್ಟುಕೊಂಡು ಕೂತೆ. ನಾನು ಹನ್ನೊಂದು ಗಂಟು ಮಷೀನಿನಿಂದ ತೆಗೆದೆ. ಪಟ್ಟಿ ತೆಗೆದು ಅಂಟಿಸಲಿಲ್ಲ. ಗಂಟುಗಳನ್ನು ಥಿಯೇಟರಿಗೆ ಒಯ್ದರು. ಬೆಳಿಗ್ಗೆ ರಿಜಿಸ್ಟರು ತೆಗೆದಾಗ ಗೊತ್ತಾಯಿತು. ಹನ್ನೊಂದನ್ನೂ ವಾಪಸ್ ತಗೊಂಡಿದ್ದೀನಿ. ಇದರ ಹೊಣೆ ನಾನು ಹೊರುತ್ತೇನೆ, ನನ್ನ ಜೋಡಿಯದ್ದು ಏನೂ ತಪ್ಪಿಲ್ಲ. ಆರು ಸಾಲು, ಆರು ಟೇಕ್. ಕೆಳಗೆ ನನ್ನ ಪೂರ್ತಿ ಹೆಸರು.

ಕೊಟ್ಟು ಬಂದೆ. ಲಾಂಡ್ರಿ ಬಾಗಿಲು ಹಾದುಬರುವಾಗ ಒಳಗೆ ಇಣುಕಿದೆ, ಬಿಸಿಲು ಚೆನ್ನಾಗಿ ಬರುತ್ತೆ ಅಲ್ಲಿ.

ಏಪ್ರಿಲ್ 5, ಶನಿವಾರ

ಅತ್ತಿಗೆಗೆ ಹೇಳದೇ ಇರಬಹುದಿತ್ತು. ಗುರುವಾರ ಅವರು ಬಂದು ಮಲಗೋದು ನಮ್ಮ ಥಿಯೇಟರಿನಲ್ಲೇ. ಹೇಳದೆ ಮಲಗಿಸಿದರೆ ಜನ್ಮದಲ್ಲಿ ಅವರ ಮುಖ ನೋಡೋಕಾಗಲ್ಲ. ಎಲ್ಲಾ ಹೇಳಿದೆ, ವರದಿಯ ನಕಲನ್ನೂ ಮುಂದಿಟ್ಟೆ.

ಓದಿದರು. ಮೂರು ಸ್ಪೆಲ್ಲಿಂಗ್ ತಪ್ಪಿಗೆ ಗೀಟು ಹಾಕಿದರು. ಆಮೇಲೆ ಎದ್ದು ಕಿಟಕಿ ಹತ್ತಿರ ಹೋಗಿ ಪಕ್ಕೆ ಒತ್ತಿಕೊಂಡು ನಿಂತರು. "ಮಂಗಳವಾರ ಬರಬೇಡ. ನನಗೆ ಸ್ವಲ್ಪ ಕೆಲಸ ಇದೆ" ಅಂದರು.

ಏಪ್ರಿಲ್ 8, ಮಂಗಳವಾರ

ನಾಲ್ಕು ಗಂಟೆಗೆ ಸುಮ್ಮನೆ ಕೂತಿದ್ದೆ.

ಏಪ್ರಿಲ್ 9, ಬುಧವಾರ

ಅತ್ತಿಗೆ ನಾಳೆಯ ಆಪರೇಷನ್ ಬೇಡ ಅಂತ ಸರ್ಜನ್ ಆಫೀಸಿಗೆ ಫೋನ್ ಮಾಡಿದರಂತೆ. ಊರಾಚೆ ಗಾಜಿನ ಕಟ್ಟಡದ ದೊಡ್ಡ ಆಸ್ಪತ್ರೆ ಇದೆಯಲ್ಲ, ಅಲ್ಲಿ ವಿಚಾರಿಸೋಕೆ ಹೋಗಿದ್ದಾರೆ ಅಂತ ಇವರು ಹೇಳಿದರು. ಹೇಳುತ್ತಾ ನನ್ನ ಮುಖ ನೋಡಲಿಲ್ಲ.

ಸರಿಯಾಗೇ ಮಾಡಿದರು. ಯಾರಾದರೂ ಅದನ್ನೇ ಮಾಡೋದು, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಲಾಂಡ್ರಿಗೆ ಹಾಕಿದರೂ ಇಷ್ಟು ಅಳು ಬರುತ್ತಿರಲಿಲ್ಲವೇನೋ.

ಏಪ್ರಿಲ್ 11, ಶುಕ್ರವಾರ

ಅಯ್ಯೋ, ಅಯ್ಯೋ, ಎಲ್ಲಿಂದ ಶುರು ಮಾಡಲಿ!

ಇವರು ನಿನ್ನೆ ಅಕ್ಕನ ಮನೆಯ ಹತ್ತಿರ ಯಾವುದೋ ಲಿಫ್ಟ್ ರಿಪೇರಿಗೆ ಹೋಗಿದ್ದವರು ನನ್ನ ನೋಟ್‌ಬುಕ್ ತಂದುಕೊಟ್ಟರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿದ್ದಿದ್ದಾರೆ. ಏಪ್ರಿಲ್ 1ರ ಪುಟ ತೆಗೆದರೆ ಒಂದು ಕಾಗದದ ಪಟ್ಟಿ. ಇಂಥ ಪಟ್ಟಿ ಅವರು ಯಾವತ್ತು ಕಂಡಿದ್ದಾರೆ, ಪಕ್ಕದಲ್ಲಿ ಕೆಂಪು ಶಾಯಿ, "ಪುಟ ಗುರುತಿಗೆ ಸಿಕ್ಕಿದ್ದೆಲ್ಲ ಇಡಬಾರದು." ಪಟ್ಟಿ ತುದಿಯಿಂದ ತುದಿಗೆ ಕಪ್ಪು! ಅದರ ಮೇಲೆ ನನ್ನದೇ ಅಕ್ಷರ, ಎರಡನೇ ಮಷೀನು, 1:40.

ಬೆಂದಿತ್ತು. ಹನ್ನೊಂದೂ ಬೆಂದಿದ್ದವು. ಪಟ್ಟಿ ತೆಗೆದಿದ್ದೇನೆ, ನೋಡಿದ್ದೇನೆ, ಗಂಟೆಯನ್ನೂ ಬರೆದಿದ್ದೇನೆ, ಆಮೇಲೆ ರಿಜಿಸ್ಟರು ಅಂದುಕೊಂಡು ಕೈಯಲ್ಲಿದ್ದ ನೋಟ್‌ಬುಕ್ಕಿಗೆ ಸೇರಿಸಿ ಮುಚ್ಚಿಬಿಟ್ಟಿದ್ದೇನೆ. ಇಂಥ ಪೆದ್ದಿ ಈ ಭೂಮಿ ಮೇಲೆ ಇನ್ನೊಬ್ಬಳಿದ್ದಾಳಾ? ನಕ್ಕೆ, ಅತ್ತೆ, ಇವರ ಭುಜ ಹಿಡಿದು ಅಲ್ಲಾಡಿಸಿದೆ. ಇವರು, "ಏನಾಯ್ತೇ, ಯಾರು ಹೋದ್ರೇ?" ಅಂತ ಗಾಬರಿ ಬಿದ್ದರು.

ಬೆಳಿಗ್ಗೆ ಹೋಗಿ ಪಟ್ಟಿಯನ್ನು ಟೈ ಸಾಹೇಬನಿಗೆ ಕೊಟ್ಟೆ. "ಹಾಗಾದ್ರೆ ಎರಡು ಆಪರೇಷನ್ ಸುಮ್ಮನೆ ತಡ ಆದವು" ಅಂದ. ಪಕ್ಕದಲ್ಲಿದ್ದ ಹಿರಿಯ ಸರ್ಜನ್, "ಆ ಹೊತ್ತಿಗೆ ಪಟ್ಟಿ ಇರಲಿಲ್ಲ. ನಾನಾಗಿದ್ರೂ ನಿಲ್ಲಿಸ್ತಿದ್ದೆ" ಅಂದರು. ಟೈ ಸಾಹೇಬ ಟೈ ಸರಿ ಮಾಡಿಕೊಂಡ.

ಅತ್ತಿಗೆಗೆ ಫೋನ್ ಮಾಡಲಾ ಅಂತ ಎರಡು ಸಲ ಎತ್ತಿದೆ. ಬೇಡ. ಬಾ ಅಂತ ಒತ್ತಾಯ ಮಾಡಿದ ಹಾಗಾಗುತ್ತೆ. ಎಲ್ಲಾದರೂ ಸರಿ, ಕಲ್ಲು ಹೋದರೆ ಸಾಕು.

ಏಪ್ರಿಲ್ 14, ಸೋಮವಾರ

ಪರೀಕ್ಷೆ ಮಾಡೋಕೆ ಮೂರು ಜನ ಕೂತಿದ್ದರು. ಬರೆಯೋದು ಹಾಗೂ ಹೀಗೂ ಆಯಿತು, ಒಂದು ಪ್ರಶ್ನೆ ಅರ್ಥವೇ ಆಗಲಿಲ್ಲ. ಆಮೇಲೆ ಹೊರಗಿನಿಂದ ಬಂದ ಪರೀಕ್ಷಕಿ, ನಿಮ್ಮ ಕೆಲಸದ ಒಂದು ದಿನದ ಬಗ್ಗೆ ಐದು ನಿಮಿಷ ಮಾತಾಡಿ ಅಂದಳು. ಏಪ್ರಿಲ್ 2 ಹೇಳಿದೆ. ಗೊತ್ತಿಲ್ಲದ ಪದ ಬಂದ ಕಡೆಯೆಲ್ಲ ಟೇಕ್ ಹಾಕಿದೆ, ಅದೂ ಸಾಲದಿದ್ದ ಕಡೆ ಕೈಯಲ್ಲಿ ತೋರಿಸಿದೆ. ಪರೀಕ್ಷಕಿ ಬರೆಯೋದು ನಿಲ್ಲಿಸಿ ಮುಂದಕ್ಕೆ ಬಾಗಿ, "ಮಗು?" ಅಂತ ಕೇಳಿದಳು. ಹೆಣ್ಣು ಅಂದೆ. ಆಮೇಲೆ ನೋಡಿದರೆ ಹನ್ನೊಂದು ನಿಮಿಷ ಮಾತಾಡಿದ್ದೆ.

ಏಪ್ರಿಲ್ 17, ಗುರುವಾರ

ಐವತ್ತಮೂರು!!

ನೋಟಿಸ್ ಬೋರ್ಡಿನ ಮುಂದೆ ನನ್ನ ಜೋಡಿ ನನ್ನನ್ನು ಎತ್ತಿ ಸುತ್ತಿಸಲು ಹೋಗಿ ಇಬ್ಬರೂ ಬೀಳುತ್ತಿದ್ದೆವು. ಆರು ವಾರ ಎದೆ ಮೇಲೆ ಕೂತಿದ್ದ ಭಾರ ಇಳಿಯಿತು. ನನ್ನ ಕೋಣೆಗೆ ಹೋಗಿ ಎರಡನೇ ಮಷೀನಿನ ಬಾಗಿಲಿಗೆ ಒಂದು ಏಟು ಕೊಟ್ಟೆ, ಪ್ರೀತಿಗೆ.

ಸಂಜೆ ಫೋನಿನಲ್ಲಿ ಅತ್ತಿಗೆಗೆ ಹೇಳಿದೆ. "ಐವತ್ತಮೂರು ಅಂದ್ರೆ ನಲವತ್ತೇಳು ಹೋಯ್ತು" ಅಂದರು. ಆಮೇಲೆ ಮತ್ತೊಂದು ಸಲ ಹೇಳಿಸಿದರು. ಆಪರೇಷನ್ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಏಪ್ರಿಲ್ 21, ಸೋಮವಾರ

ಮಧ್ಯಾಹ್ನ ನಾಳೆಯ ಆಪರೇಷನ್ ಪಟ್ಟಿ ಕೋಣೆಗೆ ಬಂತು, ಯಾವುದಕ್ಕೆ ಯಾವ ಗಂಟು ಕಟ್ಟಬೇಕು ಅಂತ ನೋಡಿಕೊಳ್ಳಲು. ಮೂರನೆಯದು ಪಿತ್ತಕೋಶದ ಕಲ್ಲು, ಹೆಂಗಸು, ಅರವತ್ತಮೂರು ವರ್ಷ. ಹೆಸರು ಎರಡು ಸಲ ಓದಿದೆ. ನಮ್ಮತ್ತಿಗೆ!

ಮೆಟ್ಟಿಲು ಮೂರು ಮೂರು ಹಾರಿಕೊಂಡು ವಾರ್ಡಿಗೆ ಹೋದೆ. ಆಸ್ಪತ್ರೆಯ ನೀಲಿ ನಿಲುವಂಗಿ ಹಾಕಿಕೊಂಡು ಕೂತು ಪತ್ರಿಕೆ ಓದುತ್ತಿದ್ದರು. "ಓಡಬೇಡ, ವಯಸ್ಸಾಯ್ತು ನಿನಗೆ. ಹೋಗು, ಕೆಲಸ ನೋಡು" ಅಂದರು. ಯಾಕೆ ವಾಪಸ್ ಬಂದಿರಿ ಅಂತ ಕೇಳೋಕೆ ಬಾಯಿ ಬರಲಿಲ್ಲ. ಕೈ ಮಾತ್ರ ಹಿಡಿದುಕೊಂಡೆ, ತಣ್ಣಗಿತ್ತು.

ಅವರ ಗಂಟು ನಾನೇ ಕಟ್ಟಿದೆ. ನನ್ನ ಜೋಡಿ ಎಣಿಸಿದಳು, ನಾನು ಎಣಿಸಿದೆ, ಅವಳು ಮತ್ತೆ ಎಣಿಸಿದಳು. ಪಟ್ಟಿ ಕಪ್ಪು. ಇಬ್ಬರೂ ನಿಂತು ಅಂಟಿಸಿದೆವು.

ಏಪ್ರಿಲ್ 22, ಮಂಗಳವಾರ

ಆಯಿತು. ಮುಗಿಯಿತು. ನಲವತ್ತು ನಿಮಿಷ, ಮೂರು ಸಣ್ಣ ತೂತು. ಕಲ್ಲನ್ನು ಒಂದು ಪುಟ್ಟ ಸೀಸೆಯಲ್ಲಿ ಹಾಕಿಕೊಟ್ಟರು. ಇವರು ಅದನ್ನು ಬೆಳಕಿಗೆ ಹಿಡಿದು, "ಅಕ್ಕನ ಹೊಟ್ಟೆಯೊಳಗೆ ಕಲ್ಲಿದೆ ಅಂತ ನಾನು ಚಿಕ್ಕಂದಿನಿಂದ ಹೇಳ್ತಾನೇ ಇದ್ದೆ" ಅಂತ ಹೇಳಿ, ಹಾಗೇ ಕಾರಿಡಾರಿನಲ್ಲಿ ನಿಂತು ಕಣ್ಣೊರೆಸಿಕೊಂಡರು.

ನಾಲ್ಕು ಗಂಟೆಗೆ ಕಣ್ಣು ಬಿಟ್ಟರು. ನೀರು ಕೊಡುವ ಹಾಗಿಲ್ಲ, ಹತ್ತಿ ಅದ್ದಿ ತುಟಿ ಒರೆಸಿದೆ. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಮೇಲೆ ಕೈ ಚಾಚಿದರು. ಆಗ ಕೇಳಿಯೇಬಿಟ್ಟೆ, "ಆ ದೊಡ್ಡ ಆಸ್ಪತ್ರೆ ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ ಅತ್ತಿಗೆ?"

ಮಂಪರಿನಲ್ಲಿ ಒಂದೊಂದೇ ಮಾತು ಹೊರಡಿಸಿದರು. "ಅಲ್ಲೂ ಕೇಳಿದೆ ಕಣೇ. ನಿಮ್ಮಲ್ಲಿ ಯಾವತ್ತಾದ್ರೂ ತಪ್ಪಾಗಿದೆಯಾ ಅಂತ. ಒಂದು ಸಲಾನೂ ಇಲ್ಲ ಮೇಡಂ ಅಂದ್ರು. ನಗ್ತಾ ಅಂದ್ರು. ತಪ್ಪಾದ್ರೆ ಇವರು ಯಾರಿಗೂ ಹೇಳಲ್ಲ ಅನ್ನಿಸ್ತು. ಚೀಲ ಎತ್ಕೊಂಡು ಬಂದ್ಬಿಟ್ಟೆ."

ಹಾಗಂದು ನಿದ್ದೆಗೆ ಜಾರಿದರು. ಅವರ ಕಾಲ ಮೇಲೆ ಸರಿದಿದ್ದ ಹೊದಿಕೆ ಸರಿಮಾಡಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತೆ.